ಸ್ಥಳೀಯ ಬಾನುಲಿಯಲ್ಲಿ ಸಂಗೀತದ ವಾರ

ಯಾವ ಹೊತ್ತಿಗೆ, ಯಾರಿಗಾಗಿ, ಎಷ್ಟು ನಿಮಿಷ? ಬಾನುಲಿ ಕೇಂದ್ರದಲ್ಲಿ ಈ ಮೂರು ಪ್ರಶ್ನೆಗಳು ಇತ್ಯರ್ಥವಾದ ಮೇಲೆಯೇ ‘ಯಾವ ಹಾಡು’ ಎಂಬ ಮಾತು ಬರುತ್ತದೆ. ಒಂದು ವಾರದ ಮಟ್ಟಿಗೆ ಇವುಗಳ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳುವ ಕ್ರಮವೇ ಸಂಗೀತ ಕಾರ್ಯಕ್ರಮಗಳ ವಾರಯೋಜನೆ. ಹಾಸನ ಜಿಲ್ಲೆಯನ್ನು ಉದಾಹರಣೆಯಾಗಿಟ್ಟುಕೊಂಡು ಆ ಕ್ರಮವನ್ನೂ, ಜಾಝ್‌ನಂಥ ಅಪರಿಚಿತ ಸಂಗೀತಕ್ಕೆ ಅದರಲ್ಲಿ ಜಾಗ ಮಾಡಿಕೊಡುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಸ್ಥಳೀಯ ಬಾನುಲಿ ಎಂದರೇನು?

ಒಂದು ಜಿಲ್ಲೆಯ ಅಥವಾ ಅದಕ್ಕೆ ಹೊಂದಿಕೊಂಡ ಕೆಲವು ತಾಲ್ಲೂಕುಗಳ ಕೇಳುಗರನ್ನೇ ಗುರಿಯಾಗಿಟ್ಟುಕೊಂಡು ಪ್ರಸಾರ ಮಾಡುವ ಕೇಂದ್ರ ಸ್ಥಳೀಯ ಬಾನುಲಿ. ಧಾರವಾಡ, ಬೆಂಗಳೂರಿನಂಥ ದೊಡ್ಡ ಕೇಂದ್ರಗಳು ಹಲವು ಜಿಲ್ಲೆಗಳನ್ನು ಮುಟ್ಟುವ ಮಧ್ಯಮ ತರಂಗದ ಪ್ರಸಾರ ನಡೆಸಿದರೆ, ಸ್ಥಳೀಯ ಕೇಂದ್ರ ಎಫ್.ಎಂ. ತರಂಗದಲ್ಲಿ ಹತ್ತಿರದ ಕೇಳುಗರಿಗೆ ಮಾತ್ರ ಕೇಳಿಸುತ್ತದೆ. ಭಾರತದಲ್ಲಿ ಈ ಪ್ರಯೋಗ ಮೊದಲಾದದ್ದು 1984ರ ಅಕ್ಟೋಬರ್ 30ರಂದು, ತಮಿಳುನಾಡಿನ ನಾಗರಕೋಯಿಲ್‌ನಲ್ಲಿ. ಏಳನೆಯ ಪಂಚವಾರ್ಷಿಕ ಯೋಜನೆ ಇದನ್ನು ದೇಶದ ಹಲವು ಜಿಲ್ಲಾ ಕೇಂದ್ರಗಳಿಗೆ ವಿಸ್ತರಿಸಿತು. ಕರ್ನಾಟಕದಲ್ಲಿ ಹಾಸನ, ಮಡಿಕೇರಿ, ಚಿತ್ರದುರ್ಗ, ಹೊಸಪೇಟೆ, ರಾಯಚೂರು ಮೊದಲಾದ ಊರುಗಳ ಆಕಾಶವಾಣಿ ಕೇಂದ್ರಗಳು ಈ ಮಾದರಿಯವು. ಹಾಸನ ಕೇಂದ್ರದ ಕಂಪನಾಂಕ 102.2 ಮೆಗಾಹರ್ಟ್ಸ್, ನೆರೆಯ ಮಡಿಕೇರಿಯದು 103.1.

ಹಾಸನ ಕೇಂದ್ರದ ಕೇಳುಗರೆಲ್ಲ ಒಂದೇ ಬಗೆಯವರಲ್ಲ. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿಯ ಬಯಲುಸೀಮೆ. ಹೊಳೆನರಸೀಪುರದಲ್ಲಿ ಹೇಮಾವತಿಯ ನೀರಾವರಿ. ಅರಕಲಗೂಡಿನಲ್ಲಿ ಹೊಗೆಸೊಪ್ಪು, ಆಲೂಗೆಡ್ಡೆ, ಶುಂಠಿ. ಅದೇ ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಗೆ ಬಂದರೆ ನೆಲ ಮಲೆನಾಡಿನ ಕಡೆಗೆ ಹೊರಳುತ್ತದೆ. ಬಯಲಿನವರು ಬಿಡುವಾಗುವ ಹೊತ್ತು ಬೇರೆ, ತೋಟದವರು ಬಿಡುವಾಗುವ ಹೊತ್ತು ಬೇರೆ. ಎಲ್ಲರಿಗೂ ಒಂದೇ ಕೇಂದ್ರ. ವಾರಯೋಜನೆಯ ಕಷ್ಟ ಶುರುವಾಗುವುದು ಇಲ್ಲಿಂದಲೇ.

ಮೈಸೂರಿನ ಮನೆಯಿಂದ ಹಾಸನದವರೆಗೆ

ಹಳೆಯ ಮೈಸೂರು ಸೀಮೆಯ ಬಾನುಲಿ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಪ್ರೇಷಕದಲ್ಲಿ ಪ್ರಸಾರ ಆರಂಭಿಸಿದರು. ಮನೆಯ ಒಂದು ವಿದ್ಯುದ್ದೀಪದಷ್ಟು ಶಕ್ತಿ ಅದು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿ ತನ್ನದಾಗಿಸಿಕೊಂಡಿತು. ಮೈಸೂರು ಕೇಂದ್ರ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಈ ಕಥೆಯಲ್ಲಿ ಅರಕಲಗೂಡು ತಾಲ್ಲೂಕಿಗೂ ಪಾಲಿದೆ. ಕಾವೇರಿ ದಂಡೆಯ ರುದ್ರಪಟ್ಟಣ ತಲೆಮಾರುಗಳಿಂದ ಸಂಗೀತಗಾರರ ಊರು. ಆರ್.ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಅಲ್ಲಿ. ರುದ್ರಪಟ್ಟಣ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಗಾಯಕ ಆರ್.ಕೆ. ಪದ್ಮನಾಭ ಅವರ ಮೂಲವೂ ಆ ಊರೇ. ಶ್ರೀಕಂಠನ್ ಮೈಸೂರು ಆಕಾಶವಾಣಿ ಸೇರಿ, ಅದರೊಂದಿಗೇ ಬೆಂಗಳೂರಿಗೆ ಬಂದು, ಮೂರು ದಶಕಗಳಿಗೂ ಹೆಚ್ಚು ಕಾಲ ಬಾನುಲಿಯಲ್ಲಿ ದುಡಿದರು. ಗುರುವಿನ ಮನೆಗೆ ಹೋಗಲಾಗದವರಿಗೆ ಸಂಗೀತ ಪಾಠ ರೇಡಿಯೊದಿಂದ ದೊರೆತದ್ದು ಅಂಥವರಿಂದ. 2011ರಲ್ಲಿ ಶ್ರೀಕಂಠನ್ ಅವರಿಗೆ ಪದ್ಮಭೂಷಣ ಸಂದಿತು.

ಬಾನುಲಿಯ ಸಂಗೀತ ನೀತಿಯಲ್ಲಿ ದೊಡ್ಡ ತಿರುವು ಬಂದದ್ದು 1952ರಲ್ಲಿ. ಆಗ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ಆದ್ಯತೆ ಕೊಟ್ಟು ಚಿತ್ರಗೀತೆಗಳನ್ನು ಹಿಂದಕ್ಕೆ ಸರಿಸಿದರು. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು ಅದೇ ವರ್ಷ ಜುಲೈ 20ರಂದು. ಕಲಾವಿದರ ಧ್ವನಿಪರೀಕ್ಷೆ ಬಿಗಿಯಾದದ್ದೂ ಆಗಲೇ. ಹಾಡುವವರು ಯಾರೆಂದು ತಿಳಿಯದೆ ಧ್ವನಿಯನ್ನಷ್ಟೇ ಕೇಳಿ ‘ಬಿ’, ‘ಬಿ-ಹೈ’, ‘ಎ’, ‘ಟಾಪ್’ ಎಂದು ದರ್ಜೆ ಕೊಡುವ ಆ ಪದ್ಧತಿ ಇಂದಿಗೂ ಕಲಾವಿದರ ಬಿರುದಾವಳಿಯಲ್ಲಿ ಕಾಣುತ್ತದೆ. ಇತ್ತ ಚಿತ್ರಗೀತೆ ಬೇಕೆಂದ ಕೇಳುಗರು ರೇಡಿಯೊದ ಕಿವಿ ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅವರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನೇ ಆರಂಭಿಸಬೇಕಾಯಿತು. ಒಳ್ಳೆಯದೆಂದು ಬಲವಂತವಾಗಿ ಬಡಿಸಿದ ಸಂಗೀತ ಕೇಳುಗನನ್ನು ಬೇರೆ ಕೇಂದ್ರಕ್ಕೆ ಕಳಿಸುತ್ತದೆ. ಜಾಝ್‌ಗೆ ಜಾಗ ಮಾಡುವ ವಿಷಯಕ್ಕೆ ಬಂದಾಗ ಇದನ್ನು ನೆನಪಿಡಬೇಕಾಗುತ್ತದೆ.

ಅಲೆಯ ಗುಣ, ಧ್ವನಿಯ ಗುಣ

ಧ್ವನಿಯನ್ನು ವಾಹಕ ತರಂಗದ ಮೇಲೆ ಏರಿಸಲು ಎರಡು ಮುಖ್ಯ ವಿಧಾನಗಳಿವೆ. ತರಂಗದ ಎತ್ತರವನ್ನು ಧ್ವನಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವುದು ಎ.ಎಂ.; ಎತ್ತರವನ್ನು ಹಾಗೆಯೇ ಇರಿಸಿ ಕಂಪನಾಂಕವನ್ನು ತುಸು ಹೆಚ್ಚು ಕಡಿಮೆ ಮಾಡುವುದು ಎಫ್.ಎಂ. ಸಿಡಿಲು ಮಿಂಚು, ಮೋಟರು ಪಂಪುಗಳ ಕಿಡಿ ಇವೆಲ್ಲ ತರಂಗದ ಎತ್ತರವನ್ನೇ ಕೆಡಿಸುವುದರಿಂದ ಎ.ಎಂ. ಗ್ರಾಹಕದಲ್ಲಿ ಗರಗರ ಕೇಳಿಸುತ್ತದೆ, ಎಫ್.ಎಂ. ಬಹುಮಟ್ಟಿಗೆ ಬಚಾವಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಜೆ ಎರಡನ್ನೂ ಹಚ್ಚಿ ನೋಡಿದರೆ ಈ ವ್ಯತ್ಯಾಸಕ್ಕೆ ಬೇರೆ ಪ್ರಮಾಣ ಬೇಡ.

ಸಂಗೀತದ ದೃಷ್ಟಿಯಿಂದ ಇನ್ನೊಂದು ವ್ಯತ್ಯಾಸ ಹೆಚ್ಚು ಮುಖ್ಯ. ಎ.ಎಂ. ಬಳಸುವ ಮಧ್ಯಮ ತರಂಗದಲ್ಲಿ ಕೇಂದ್ರ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರವಷ್ಟೇ ಇರುವುದರಿಂದ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿ ಕೇಳುಗನನ್ನು ತಲುಪುವುದಿಲ್ಲ. ಮಾತಿಗೆ ಅದು ಸಾಕು. ಎಫ್.ಎಂ. 15 ಕಿಲೋಹರ್ಟ್ಸ್‌ವರೆಗೆ ಸಾಗಿಸುತ್ತದೆ. ತಂಬೂರಿಯ ಜೀವಾಳದ ಝೇಂಕಾರವಾಗಲಿ, ಜಾಝ್ ಡ್ರಮ್ಮಿನ ಕಂಚಿನ ತಟ್ಟೆಯ ಕಿಣಿಕಿಣಿಯಾಗಲಿ ಮೆರುಗು ಪಡೆಯುವುದು ಆ ಮೇಲಿನ ಪಟ್ಟಿಯಿಂದಲೇ. ಜಾಝ್‌ನ ಲಯ ಹೆಚ್ಚಾಗಿ ಆ ತಟ್ಟೆಯ ಮೇಲೆ ನಡೆಯುವುದರಿಂದ, ಮಧ್ಯಮ ತರಂಗದಲ್ಲಿ ಕೇಳಿದವನಿಗೆ ತಾಳವೇ ಅರ್ಧ ಅಳಿಸಿಹೋದಂತೆ ತೋರುತ್ತದೆ.

ಎಫ್.ಎಂ.ಗೆ ಒಂದು ಮಿತಿಯೂ ಉಂಟು. 102.2 ಮೆಗಾಹರ್ಟ್ಸ್‌ನ ಅಲೆಯ ಉದ್ದ ಮೂರು ಮೀಟರಿಗೂ ತುಸು ಕಡಿಮೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಯದು ಸುಮಾರು 490 ಮೀಟರ್. ಉದ್ದದ ಅಲೆ ನೆಲವನ್ನು ತಬ್ಬಿ ಗುಡ್ಡ ದಾಟುತ್ತದೆ, ಗಿಡ್ಡ ಅಲೆ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುತ್ತದೆ. ಸಮತಟ್ಟು ನೆಲದಲ್ಲಿ ನೂರು ಮೀಟರ್ ಎತ್ತರದ ಗೋಪುರದಿಂದ ಹೊರಟ ಎಫ್.ಎಂ. ಅಲೆಯ ದಿಗಂತ ಸುಮಾರು 41 ಕಿಲೋಮೀಟರ್. ಹಾಸನ ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಮೇಲಿರುವುದರಿಂದ ಪೂರ್ವದ ಬಯಲಿಗೆ ಅನುಕೂಲವೇ. ಮಲೆನಾಡಿನ ಕಡೆಯ ಇಳಿಜಾರು, ಕಣಿವೆಗಳಲ್ಲಿ ಮಾತ್ರ ಒಂದು ಮನೆಯಲ್ಲಿ ಸ್ಪಷ್ಟವಾಗಿ ಕೇಳುವ ಕೇಂದ್ರ ಗುಡ್ಡದ ಮರೆಯ ಇನ್ನೊಂದು ಮನೆಯಲ್ಲಿ ಬರಿಯ ಸದ್ದಾಗಬಹುದು. ಏರಿಯಲ್ ತಂತಿಯನ್ನು ಕಿಟಕಿಯಾಚೆ ಚಾಚುವುದು, ಫೋನಿನ ರೇಡಿಯೊಗೆ ಇಯರ್‌ಫೋನ್ ಸಿಕ್ಕಿಸುವುದು ಈ ಕಾರಣಕ್ಕೇ. ಇಯರ್‌ಫೋನಿನ ತಂತಿಯೇ ಅಲ್ಲಿ ಆಂಟೆನಾ.

ಹೊತ್ತು ಮೊದಲು, ಹಾಡು ಆಮೇಲೆ

ಆಕಾಶವಾಣಿಯಲ್ಲಿ ವಾರದ ಚೌಕಟ್ಟನ್ನು ಫಿಕ್ಸೆಡ್ ಪಾಯಿಂಟ್ ಚಾರ್ಟ್ ಎನ್ನುತ್ತಾರೆ. ಯಾವ ದಿನ, ಯಾವ ನಿಮಿಷಕ್ಕೆ ಯಾವ ಬಗೆಯ ಕಾರ್ಯಕ್ರಮ ಎಂಬುದು ಅದರಲ್ಲಿ ನಿಗದಿಯಾಗಿರುತ್ತದೆ. ಸಹಪ್ರಸಾರದ ವಾರ್ತೆಗಳೇ ಇಲ್ಲಿ ಅಲುಗದ ಗೂಟಗಳು: ದೆಹಲಿಯ, ಬೆಂಗಳೂರಿನ ಸುದ್ದಿಗಳು ಯಾರಿಗೂ ಕಾಯುವುದಿಲ್ಲ. ಅವುಗಳ ನಡುವೆ ಉಳಿದ ತುಂಡು ತುಂಡು ಹೊತ್ತನ್ನು ಸ್ಥಳೀಯ ಕೇಂದ್ರ ತುಂಬಿಕೊಳ್ಳಬೇಕು.

ಬೆಳಗಿನ ಪ್ರಸಾರ ಭಕ್ತಿಗೀತೆಗಳಿಂದ ತೊಡಗುತ್ತದೆ. ಹಾಲು ಕರೆಯುವ, ಒಲೆ ಹಚ್ಚುವ ಹೊತ್ತಿಗೆ ಚಿಂತನ, ವಾರ್ತೆ, ಬಳಿಕ ಶಾಸ್ತ್ರೀಯ ಸಂಗೀತ ಅಥವಾ ಚಿತ್ರಗೀತೆ. ಮಧ್ಯಾಹ್ನದ ಪ್ರಸಾರದಲ್ಲಿ ವನಿತೆಯರ ಕಾರ್ಯಕ್ರಮ, ಕೇಳುಗರ ಕೋರಿಕೆ. ಸಂಜೆ ರೈತರಿಗೆ ಮೀಸಲು. ಬೀಜ, ಗೊಬ್ಬರ, ಮಾರುಕಟ್ಟೆ ದರದ ನಡುವೆ ಜಾನಪದ ಗೀತೆ, ಸೋಬಾನೆ ಪದ. ರಾತ್ರಿ ಭಾವಗೀತೆ, ನಾಟಕ, ಕಛೇರಿ. ಕೋರಿಕೆಯ ಕಾರ್ಯಕ್ರಮದಲ್ಲಿ ಹಾಡಿನಷ್ಟೇ ಊರಿನ ಹೆಸರಿಗೂ ಬೆಲೆಯಿದೆ. ಕಾರ್ಡು ಬರೆದವರು ತಮ್ಮ ಹೆಸರು ಗಾಳಿಯಲ್ಲಿ ಬರುವುದನ್ನು ಕೇಳಲು ಕಾಯುತ್ತಾರೆ, ಹಾಡು ಅದಕ್ಕೊಂದು ನೆಪ. ಇದನ್ನು ಅರಿಯದ ಕೇಂದ್ರಗಳು ಹೆಸರುಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸುತ್ತವೆ.

ಒಂದೊಂದು ಪ್ರಸಾರಕ್ಕೂ ಒಂದು ಕ್ಯೂ ಶೀಟ್ ಇರುತ್ತದೆ. ಕಾರ್ಯಕ್ರಮ ಶುರುವಾಗುವ ಸಮಯ, ಶೀರ್ಷಿಕೆ, ಹಾಡಿದವರು, ಬರೆದವರು, ಸಂಯೋಜಿಸಿದವರು, ಅವಧಿ, ಧ್ವನಿಮುದ್ರಣದ ಸಂಖ್ಯೆ ಎಲ್ಲವೂ ಸಾಲಾಗಿ ಅದರಲ್ಲಿರುತ್ತವೆ. ಸ್ಟುಡಿಯೊದ ಗಾಜಿನ ಹಿಂದೆ ಕುಳಿತ ಉದ್ಘೋಷಕರ ಒಂದು ಕಣ್ಣು ಈ ಹಾಳೆಯ ಮೇಲೆ, ಇನ್ನೊಂದು ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳಿನ ಮೇಲೆ. ಬೆರಳು ಧ್ವನಿಮಟ್ಟದ ಗುಂಡಿಯ ಮೇಲಿರುತ್ತದೆ. ವಾರ್ತೆಗೆ ನಲವತ್ತು ಸೆಕೆಂಡು ಉಳಿದು ಹಾಡು ಮುಗಿದುಹೋದರೆ ಆ ಮೌನವನ್ನು ಕೊಳಲು, ವೀಣೆಯ ಒಂದು ತುಣುಕು ತುಂಬುತ್ತದೆ. ಅದಕ್ಕೆ ಫಿಲ್ಲರ್ ಎಂದು ಹೆಸರು. ಹಾಡೇ ನಲವತ್ತು ಸೆಕೆಂಡು ಹೆಚ್ಚಾದರೆ ಗುಂಡಿಯನ್ನು ಮೆಲ್ಲಗೆ ಇಳಿಸುವುದೊಂದೇ ದಾರಿ. ಪ್ರಸಾರದ ಲೋಪದೋಷ ಡ್ಯೂಟಿ ರೂಮಿನ ವರದಿಯಲ್ಲಿ ದಾಖಲಾಗುತ್ತದೆ.

ಅರ್ಧ ಗಂಟೆಗೆ ಚಿತ್ರಗೀತೆಯಾದರೆ ಏಳು ಹಾಡು ಹಿಡಿಸುತ್ತವೆ. ಒಂದು ಕೈಬಿಟ್ಟರೆ ಇನ್ನೊಂದು. ಅದೇ ಅರ್ಧ ಗಂಟೆಗೆ ಜಾಝ್‌ನ ಮೂರು ಪ್ರಸಿದ್ಧ ಧ್ವನಿಮುದ್ರಣಗಳನ್ನು ಇಟ್ಟು ನೋಡಬಹುದು. ಮೈಲ್ಸ್ ಡೇವಿಸ್‌ನ ‘ಸೋ ವಾಟ್’ 9 ನಿಮಿಷ 22 ಸೆಕೆಂಡು, ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ 5 ನಿಮಿಷ 24 ಸೆಕೆಂಡು, ಜಾನ್ ಕೋಲ್ಟ್ರೇನ್‌ನ ‘ಮೈ ಫೇವರಿಟ್ ಥಿಂಗ್ಸ್’ 13 ನಿಮಿಷ 41 ಸೆಕೆಂಡು. ಒಟ್ಟು 28 ನಿಮಿಷ 27 ಸೆಕೆಂಡು. ಉದ್ಘೋಷಣೆಗೆ ಉಳಿದದ್ದು 93 ಸೆಕೆಂಡು, ಅಂದರೆ ಒಂದೊಂದಕ್ಕೆ ಅರ್ಧ ನಿಮಿಷ. ಹಾಸನ ಜಿಲ್ಲೆಯ ಕೇಳುಗನಿಗೆ ಈ ಮೂರನ್ನೂ ಪರಿಚಯಿಸಲು ಅಷ್ಟು ಸಾಕೇ? ಸಾಕು ಎನ್ನಲು ಕಾರಣಗಳಿವೆ.

ಜಾಝ್‌ನ ರಚನೆ

ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯದರ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಆಫ್ರಿಕನ್ ಅಮೆರಿಕನ್ನರ ನಡುವೆ ರೂಪುಗೊಂಡ ಸಂಗೀತ ಜಾಝ್. ಗುಲಾಮಗಿರಿಯ ಕಾಲದ ದುಡಿಮೆಯ ಹಾಡು, ಬ್ಲೂಸ್, ಚರ್ಚಿನ ಗಾಯನ, ಮೆರವಣಿಗೆಯ ಬ್ಯಾಂಡು ಇವೆಲ್ಲ ಅದರಲ್ಲಿ ಬೆರೆತಿವೆ. ಅದರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1917ರಲ್ಲಿ. 1920ರ ದಶಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಒಂಟಿ ವಾದಕನ ಕಲ್ಪನೆಯನ್ನು ಮುಂದಕ್ಕೆ ತಂದರೆ, 1930ರ ದಶಕದ ದೊಡ್ಡ ವಾದ್ಯವೃಂದಗಳನ್ನು ಮನೆಮನೆಗೆ ಮುಟ್ಟಿಸಿದ್ದು ಅಮೆರಿಕದ ರೇಡಿಯೊ.

ಜಾಝ್‌ನ ಬಂಧ ಸರಳ. ಮೊದಲು ಒಂದು ರಾಗಭಾಗವನ್ನು ಎಲ್ಲರೂ ನುಡಿಸುತ್ತಾರೆ. ಬಳಿಕ ಒಬ್ಬೊಬ್ಬ ವಾದಕ ಅದೇ ಚೌಕಟ್ಟಿನ ಮೇಲೆ ಸ್ಥಳದಲ್ಲೇ ಕಲ್ಪಿಸಿ ನುಡಿಸುತ್ತಾನೆ. ಕೊನೆಗೆ ಮೊದಲಿನ ಭಾಗಕ್ಕೆ ಮರಳುತ್ತಾರೆ. ಪಲ್ಲವಿ ಹಾಡಿ, ಕಲ್ಪನಾಸ್ವರಕ್ಕೆ ಇಳಿದು, ಮತ್ತೆ ಪಲ್ಲವಿಗೆ ಬರುವುದನ್ನು ಕೇಳಿದವರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಸಾಮಾನ್ಯವಾಗಿ ಒಂದು ಆವೃತ್ತಿಗೆ 32 ಗಣ, ಗಣಕ್ಕೆ 4 ಎಣಿಕೆ, ಒಟ್ಟು 128. ಆದಿತಾಳದ 16 ಆವರ್ತನಗಳೂ ಅಷ್ಟೇ. ಭೇದವಿರುವುದು ಬೇರೆ ಕಡೆ: ಕರ್ನಾಟಕ ಸಂಗೀತದಲ್ಲಿ ಆಧಾರ ಷಡ್ಜ ಒಂದೇ ಕಡೆ ನಿಂತಿರುತ್ತದೆ, ಗಮಕ ಸ್ವರವನ್ನು ತೂಗಾಡಿಸುತ್ತದೆ. ಜಾಝ್‌ನಲ್ಲಿ ಹಲವು ಸ್ವರಗಳು ಒಟ್ಟಿಗೆ ನುಡಿದು ಆಧಾರವೇ ಹೆಜ್ಜೆ ಹೆಜ್ಜೆಗೂ ಸರಿಯುತ್ತದೆ.

ಈಗ ಆ ಮೂರು ಧ್ವನಿಮುದ್ರಣಗಳಿಗೆ ಮರಳಬಹುದು. ‘ಸೋ ವಾಟ್’ ನುಡಿಯುವುದು ಪಾಶ್ಚಾತ್ಯರು ಡೋರಿಯನ್ ಎನ್ನುವ ಸ್ವರಶ್ರೇಣಿಯಲ್ಲಿ. ಅದರ ಏಳು ಸ್ವರಸ್ಥಾನಗಳು ಖರಹರಪ್ರಿಯದವೇ. ಹದಿನಾರು ಗಣ ಆದ ಮೇಲೆ ಎಂಟು ಗಣ ಇಡೀ ಶ್ರೇಣಿ ಅರ್ಧ ಸ್ವರ ಮೇಲಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ಶ್ರುತಿ ಬದಲಾಯಿತೆಂದು ಕರ್ನಾಟಕ ಸಂಗೀತದ ಕಿವಿ ತಟ್ಟನೆ ಎಚ್ಚರಗೊಳ್ಳುವುದು ಅಲ್ಲಿಯೇ. ‘ಟೇಕ್ ಫೈವ್’ ಐದು ಎಣಿಕೆಯದು. ಖಂಡಛಾಪು ಎರಡು ಮತ್ತು ಮೂರಾಗಿ ಒಡೆದರೆ ಇದು ಮೂರು ಮತ್ತು ಎರಡಾಗಿ ಒಡೆಯುತ್ತದೆ. ಕೋಲ್ಟ್ರೇನ್‌ನದು ಮೂರರ ನಡೆ, ಉದ್ದಕ್ಕೂ ಬಹುತೇಕ ಒಂದೇ ಆಧಾರದ ಮೇಲೆ ಬೆಳೆಯುವ ವಿಸ್ತಾರ. ಭಾರತೀಯ ಸಂಗೀತವನ್ನು ಆಸಕ್ತಿಯಿಂದ ಕೇಳಿದ್ದ ಆತ ಮಗನಿಗೆ ರವಿಶಂಕರರ ಹೆಸರನ್ನೇ ಇಟ್ಟ. ಬ್ರೂಬೆಕ್ ಕೂಡ 1958ರಲ್ಲಿ ಭಾರತಕ್ಕೆ ಬಂದು ಹೋದವನು. ಹೀಗಾಗಿ ರುದ್ರಪಟ್ಟಣದ ಸುತ್ತಿನ ಕೇಳುಗನಿಗೆ ಅರ್ಧ ನಿಮಿಷದ ಮಾತು ಸಾಕು: ಇದು ಖರಹರಪ್ರಿಯದ ಸ್ವರಗಳು, ಇದು ಐದರ ಎಣಿಕೆ, ಇದು ಮೂರರದು.

ಕನ್ನಡ ನೆಲದ ಕೊಂಡಿಗಳು

ಜಾಝ್‌ನ ಮುಖ್ಯ ವಾದ್ಯಗಳಲ್ಲೊಂದು ಸ್ಯಾಕ್ಸೋಫೋನ್. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ರೂಪಿಸಿದ ಈ ವಾದ್ಯ ಭಾರತಕ್ಕೆ ಬಂದದ್ದು ಮಿಲಿಟರಿ ಮತ್ತು ಅರಮನೆ ಬ್ಯಾಂಡುಗಳ ಜೊತೆಗೆ. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತರು. ಸ್ವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಆ ಯಂತ್ರದಲ್ಲಿ ಗಮಕ ಹೊಮ್ಮಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು, ವಾದ್ಯದಲ್ಲೂ ಮಾರ್ಪಾಡು ಮಾಡಿಕೊಂಡರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರನ್ನು ತನ್ನೊಂದಿಗೆ ವೇದಿಕೆಗೆ ಕರೆದುಕೊಂಡ. ಇಂದು ಕರಾವಳಿಯ ಮದುವೆ, ಜಾತ್ರೆಗಳಲ್ಲಿ ಸ್ಯಾಕ್ಸೋಫೋನ್ ಮಂಗಳವಾದ್ಯವಾಗಿಯೇ ಸಂದಿದೆ.

ಇದರ ಮುಂದಿನ ಕಥೆ ಅಮೆರಿಕದ್ದು. ಕರ್ನಾಟಕ ಮೂಲದ ಕುಟುಂಬದಲ್ಲಿ 1971ರಲ್ಲಿ ಹುಟ್ಟಿ ಕೊಲರಾಡೊದ ಬೋಲ್ಡರ್‌ನಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಜಾಝ್ ಸ್ಯಾಕ್ಸೋಫೋನ್ ವಾದಕ. ಕಾಲೇಜಿನ ದಿನಗಳಲ್ಲಿ ಅಣ್ಣ ತಮಾಷೆಗೆಂದು ತಂದುಕೊಟ್ಟ ಕದ್ರಿಯವರ ಧ್ವನಿಮುದ್ರಿಕೆ ಅವರ ಕಿವಿಯನ್ನೇ ಬದಲಿಸಿತು. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಅದರಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲೂ ಪೂವಲೂರು ಶ್ರೀಜಿ ಅವರ ಮೃದಂಗವೂ ಜಾಝ್ ಡ್ರಮ್ಮಿನ ಪಕ್ಕದಲ್ಲಿ ನಿಲ್ಲುತ್ತವೆ.

ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಲಾಶಾಲೆಯ ತಂಡ ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ಯುರೋಪಿನ ಜಾಝ್ ವೇದಿಕೆಗಳಲ್ಲಿ ಹೆಸರು ಮಾಡಿತು. ದಕ್ಷಿಣ ಭಾರತದಲ್ಲಿ ನಾಗಸ್ವರ ಕಲಿತಿದ್ದ ಅಮೆರಿಕದ ಚಾರ್ಲಿ ಮರಿಯಾನೊ ಜೊತೆ ಆ ತಂಡ ಮಾಡಿದ ‘ಜ್ಯೋತಿ’ (1983) ಇಂದಿಗೂ ಕೇಳುವಂತಿದೆ. ಇನ್ನು ಚಿತ್ರಸಂಗೀತಕ್ಕೆ ಬಂದರೆ, ಜಿ.ಕೆ. ವೆಂಕಟೇಶ್ ಸಂಗೀತ ನೀಡಿದ ರಾಜ್‌ಕುಮಾರರ ಗೂಢಚಾರ ಚಿತ್ರಗಳಲ್ಲಿ, 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ, ತುತ್ತೂರಿಗಳ ಗುಂಪು, ಕ್ಲಬ್ಬಿನ ಲಯ ಧಾರಾಳವಾಗಿವೆ. ಅದು ಜಾಝ್ ಅಲ್ಲ, ಜಾಝ್‌ನ ಉಡುಪು ತೊಟ್ಟ ಚಿತ್ರಗೀತೆ. ಆದರೂ ಆ ವಾದ್ಯಗಳ ಬಣ್ಣವನ್ನು ಕನ್ನಡದ ಕಿವಿಗೆ ರೂಢಿ ಮಾಡಿಸಿದ್ದು ಇವೇ.

ವಾರವೊಂದರ ವಿನ್ಯಾಸ

ವಿಶ್ವ ಜಾಝ್ ದಿನ ಏಪ್ರಿಲ್ 30. ಯುನೆಸ್ಕೊ 2011ರಲ್ಲಿ ಘೋಷಿಸಿ, 2012ರಿಂದ ಆಚರಣೆಯಲ್ಲಿರುವ ಈ ದಿನ ಬಾನುಲಿ ಕೇಂದ್ರಗಳಿಗೆ ಒಳ್ಳೆಯ ನೆವ. ಆ ದಿನಕ್ಕೆ ಮುಟ್ಟುವಂತೆ ಒಂದು ವಾರ, ರಾತ್ರಿ ಅರ್ಧ ಗಂಟೆಯಂತೆ ಯೋಜಿಸಬಹುದು. ಶನಿವಾರ ರಾತ್ರಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮದ ಹೊತ್ತಾದ್ದರಿಂದ ಅಂದು ಜಾಝ್ ಮುಂಚಿತವಾಗಿ ಬಂದು ಹೋಗಬೇಕು. ರೈತರ ಕಾರ್ಯಕ್ರಮದ ಹೊತ್ತನ್ನಂತೂ ಮುಟ್ಟಬಾರದು. ಅದನ್ನು ಕಿತ್ತುಕೊಂಡ ಸಂಗೀತ ಎಷ್ಟೇ ಚೆನ್ನಾಗಿದ್ದರೂ ಬೈಸಿಕೊಳ್ಳುತ್ತದೆ.

ಅನುಕ್ರಮದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಇತಿಹಾಸದಿಂದ ತೊಡಗುವುದು. ಮೊದಲ ದಿನವೇ 1920ರ ದಶಕದ ಧ್ವನಿಮುದ್ರಣ ಹಾಕಿದರೆ ಕೇಳುಗನಿಗೆ ಕೇಳಿಸುವುದು ಹಳೆಯ ತಟ್ಟೆಯ ಉಜ್ಜಾಟವೇ ಹೊರತು ಆರ್ಮ್‌ಸ್ಟ್ರಾಂಗ್ ಅಲ್ಲ. ಮೊದಲ ರಾತ್ರಿ ಕದ್ರಿಯವರ ಶುದ್ಧ ಕರ್ನಾಟಕ ಸಂಗೀತವೇ ಇರಲಿ, ಎರಡನೆಯದು ‘ಕಿನ್ಸ್‌ಮೆನ್’ನದು, ಮೂರನೆಯದು ‘ಜ್ಯೋತಿ’ಯದು. ವಾದ್ಯದ ಧ್ವನಿ ಪಳಗಿದ ಮೇಲೆ, ವಾರದ ನಡುವೆ, ಮೇಲೆ ಲೆಕ್ಕ ಹಾಕಿದ ಆ ಅರ್ಧ ಗಂಟೆ. ಐದನೆಯ ರಾತ್ರಿ ಡ್ಯೂಕ್ ಎಲಿಂಗ್ಟನ್‌ಗೆ. 1963ರಲ್ಲಿ ತನ್ನ ವಾದ್ಯವೃಂದದೊಂದಿಗೆ ಭಾರತಕ್ಕೆ ಬಂದಿದ್ದ ಆತನನ್ನು ಪರಿಚಯಿಸಲು ಆ ಪ್ರವಾಸವೇ ಸಾಕು. ಆರ್ಮ್‌ಸ್ಟ್ರಾಂಗ್ ಆರನೆಯ ರಾತ್ರಿ ಬಂದರೆ ಆ ವೇಳೆಗೆ ಕಿವಿ ತಟ್ಟೆಯ ಸದ್ದನ್ನು ದಾಟಿ ತುತ್ತೂರಿಯನ್ನು ಹಿಡಿಯುತ್ತದೆ. ಕೊನೆಯ ರಾತ್ರಿಯನ್ನು ಕೇಳುಗರ ಕೋರಿಕೆಗೆ ಬಿಡುವುದು ಲೇಸು. ಕೋರಿಕೆ ಬಾರದಿದ್ದರೆ ಅದೂ ಒಂದು ಉತ್ತರವೇ.

ಉದ್ಘೋಷಣೆಯ ಧಾಟಿಗೆ ವಾಯ್ಸ್ ಆಫ್ ಅಮೆರಿಕದ ವಿಲಿಸ್ ಕಾನೋವರ್ ಮಾದರಿಯಾಗಬಲ್ಲ. 1955ರಿಂದ ನಾಲ್ಕು ದಶಕ ಆತ ಹ್ರಸ್ವ ತರಂಗದಲ್ಲಿ ಜಗತ್ತಿಗೆಲ್ಲ ಜಾಝ್ ಕೇಳಿಸಿದ. ಇಂಗ್ಲಿಷ್ ಸರಿಯಾಗಿ ಬಾರದವರಿಗೂ, ಅಲೆಯ ಸದ್ದಿನ ನಡುವೆಯೂ ತಿಳಿಯಬೇಕೆಂದು ನಿಧಾನವಾಗಿ, ಬಿಡಿಬಿಡಿಯಾಗಿ, ಕಡಿಮೆ ಮಾತಾಡುತ್ತಿದ್ದ. ಕಾನೋವರ್‌ನ ಕಾಲದ ನಂತರ ಜಾಝ್ ಕೇಳಿಸುವ ಇನ್ನೊಂದು ದಾರಿಯೂ ಬಂದಿತ್ತು: ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ ಒಂದೇ ಪೆಟ್ಟಿಗೆಯಲ್ಲಿ ಕನ್ನಡಕ್ಕೆ ‘ಸ್ಪರ್ಶ’ವನ್ನೂ ಜಾಝ್‌ಗೆ ‘ರಿಫ್’ ವಾಹಿನಿಯನ್ನೂ ಕೊಟ್ಟಿತ್ತು. ಗುಡ್ಡದ ಮರೆಯೆಂಬ ತಕರಾರೂ ಅದಕ್ಕೆ ಅಷ್ಟಾಗಿ ಇರಲಿಲ್ಲ, ಸಿಗ್ನಲ್ ಬರುತ್ತಿದ್ದುದು ಮೇಲಿನಿಂದ. 2009ರ ಕೊನೆಗೆ ಭಾರತದಲ್ಲಿ ಅದು ನಿಂತುಹೋಯಿತು.

ಹಕ್ಕು ಮತ್ತು ಗೌರವಧನ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಸಂಗೀತ ರಚನೆಯ ಹಕ್ಕು ಬೇರೆ. ಅದು ರಚನಕಾರ ತೀರಿಕೊಂಡ ಮೇಲೆ 60 ವರ್ಷ. ಒಂದೇ ಹಾಡಿಗೆ ಹೀಗೆ ಎರಡು ಲೆಕ್ಕ. ‘ಸೋ ವಾಟ್’, ‘ಟೇಕ್ ಫೈವ್’ ಎರಡೂ 1959ರವು, ಕೋಲ್ಟ್ರೇನ್‌ನದು 1961ರದು. ಈ ಲೆಕ್ಕದಲ್ಲಿ ಮೂರರ ಧ್ವನಿಮುದ್ರಣದ ಅವಧಿಯೂ ಕಳೆದಿದೆ. ರಚನೆಗಳದ್ದು ಕಳೆದಿಲ್ಲ. ‘ಕಿನ್ಸ್‌ಮೆನ್’, ‘ಜ್ಯೋತಿ’ಗಳಿಗೆ ಎರಡೂ ಹಕ್ಕು ಜೀವಂತ.

2012ರ ತಿದ್ದುಪಡಿಯಲ್ಲಿ ಸೇರಿದ 31-ಡಿ ಕಲಮಿನ ಪ್ರಕಾರ ಬಾನುಲಿ ಕೇಂದ್ರವು ಹಕ್ಕುದಾರರಿಗೆ ಮುಂಚಿತವಾಗಿ ತಿಳಿಸಿ, ನಿಗದಿಯಾದ ಗೌರವಧನ ಕೊಟ್ಟು, ಪ್ರಕಟಿತ ಕೃತಿಯನ್ನು ಪ್ರಸಾರ ಮಾಡಬಹುದು. ಅದರ ಷರತ್ತುಗಳಲ್ಲಿ ಎರಡು: ಪ್ರಸಾರದ ಲೆಕ್ಕಪತ್ರ ಇಡಬೇಕು, ರಚಿಸಿದವರ ಮತ್ತು ಮುಖ್ಯ ಕಲಾವಿದರ ಹೆಸರನ್ನು ಪ್ರಸಾರದ ಜೊತೆಗೆ ಹೇಳಬೇಕು. ಕ್ಯೂ ಶೀಟಿನಲ್ಲಿ ಆ ಹೆಸರುಗಳಿಗೆಂದು ಮೀಸಲಿಟ್ಟ ಅಂಕಣಗಳು ಕಾನೂನಿನ ದೃಷ್ಟಿಯಿಂದಲೂ ಬೇಕಾದವು. ‘ಟೇಕ್ ಫೈವ್’ ಎಂದೊಡನೆ ಎಲ್ಲರೂ ಬ್ರೂಬೆಕ್ ಹೆಸರು ಹೇಳುತ್ತಾರೆ. ಅದನ್ನು ರಚಿಸಿದಾತ ಅವನ ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್; ಉದ್ಘೋಷಕರ ಅರ್ಧ ನಿಮಿಷದಲ್ಲಿ ಅವನ ಹೆಸರೂ ಬರಬೇಕು. ಡೆಸ್ಮಂಡ್ ತೀರಿಕೊಂಡದ್ದು 1977ರಲ್ಲಿ, ಆದ್ದರಿಂದ ಆ ರಚನೆಯ ಹಕ್ಕು ಭಾರತದಲ್ಲಿ 2037ರ ಕೊನೆಯವರೆಗೆ ಉಳಿಯುತ್ತದೆ. ಆತ ಬರೆದಿಟ್ಟ ಉಯಿಲಿನಂತೆ ಅದರ ಗೌರವಧನ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಗೆ ಸಲ್ಲುತ್ತಿದೆ.